ನೋಡಿದವರು ಬರೆಯಲಿ

ನೀಟ್ ಫಲಿತಾಂಶ ಬಂದ ಮೇಲೆ ಬೀದರ ಜಿಲ್ಲೆಯ ಔರಾದ ತಾಲೂಕಿನ ಅನೇಕ ಮನೆಗಳಲ್ಲಿ ಒಂದು ಪ್ಲಾಸ್ಟಿಕ್ ಫೈಲು ದಿನದಿನಕ್ಕೆ ದಪ್ಪವಾಗುತ್ತದೆ. ಒಂದನೇ ತರಗತಿಯಿಂದ ಎಲ್ಲೆಲ್ಲಿ ಓದಿದ್ದು ಎಂದು ತೋರಿಸುವ ವ್ಯಾಸಂಗ ಪ್ರಮಾಣಪತ್ರ ಬೇಕು. ಅದಕ್ಕೆ ಹೆಡ್‌ಮಾಸ್ಟರ ಸಹಿ, ಅದರ ಮೇಲೆ ಬಿಇಒ ಅವರ ಮೇಲುಸಹಿ. ಜಾತಿ, ಆದಾಯದ ಪತ್ರಕ್ಕೆ ನಾಡಕಚೇರಿ. ಆ ಪತ್ರದ ಮೇಲಿನ ಆರ್.ಡಿ. ಸಂಖ್ಯೆ ಸರಿಯಾಗಿದ್ದರೆ ಮಾತ್ರ ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರ್ ಒಪ್ಪುತ್ತದೆ. ಹಳ್ಳಿ ಶಾಲೆಯಲ್ಲಿ ಹತ್ತು ವರ್ಷ ಓದಿದ್ದರೆ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇ. 5, ಎರಡಕ್ಕೂ ಬೇರೆ ಬೇರೆ ಫಾರಂ. ಎಲ್ಲಕ್ಕಿಂತ ಮುಖ್ಯವಾದದ್ದು 371(ಜೆ) ಪತ್ರ. ಅದು ಸಹಾಯಕ ಆಯುಕ್ತರ ಕಚೇರಿಯಿಂದ ಬರಬೇಕು.

ಈ ಪತ್ರದ ಬೆಲೆ ಬೀದರ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯಡಿ, ಅಂದಿನ ಹೈದರಾಬಾದ್ ಕರ್ನಾಟಕದ, ಇಂದಿನ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ. 70 ಸೀಟು, ರಾಜ್ಯದ ಉಳಿದ ಕಡೆ ಶೇ. 8 ಸೀಟು ಮೀಸಲು. 2013ರ ಕೊನೆಯಲ್ಲಿ ಪ್ರವೇಶದ ಆದೇಶ ಹೊರಬಿದ್ದಾಗಿನಿಂದ ಈ ಸೀಮೆಯ ಎಷ್ಟೋ ಮನೆಗಳಿಗೆ ಮೊದಲ ಡಾಕ್ಟರು ಬಂದದ್ದು ಇದೇ ಬಾಗಿಲಿನಿಂದ. 2007ರಲ್ಲಿ ಬೀದರಿನಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜು ‘ಬ್ರಿಮ್ಸ್’ ಔರಾದದ ಮಕ್ಕಳಿಗೆ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಅದಕ್ಕೂ ಮುಂಚೆ ಈ ಭಾಗದವರು ನೋಡುತ್ತಿದ್ದುದು ಕಲಬುರಗಿಯಲ್ಲಿ 1963ರಲ್ಲಿ ಆರಂಭವಾದ ಮಹಾದೇವಪ್ಪ ರಾಂಪುರೆ ಕಾಲೇಜಿನ ಕಡೆಗೆ. ಅದಕ್ಕೂ ಹಿಂದೆ, ಬೀದರ ನಿಜಾಮನ ಸೀಮೆಯಲ್ಲಿದ್ದಾಗ, ಹೈದರಾಬಾದಿನ ಉಸ್ಮಾನಿಯಾ ಮೆಡಿಕಲ್ ಕಾಲೇಜಿನ ಕಡೆಗೆ.

ಇಷ್ಟು ಸಹಿಗಳನ್ನು ಕೂಡಿಸಿಕೊಂಡು ಕೌನ್ಸೆಲಿಂಗಿಗೆ ಹೊರಟ ಹುಡುಗಿಯ ಫೈಲನ್ನು ಒಮ್ಮೆ ಬಿಚ್ಚಿ ನೋಡಬೇಕು. ಅವಳು ಎಲ್ಲಿ ಹುಟ್ಟಿದಳು, ಎಲ್ಲಿ ಓದಿದಳು, ತಂದೆಯ ಆದಾಯ ಎಷ್ಟು ಎಂಬುದೆಲ್ಲ ಅದರಲ್ಲಿದೆ. ಅವಳು ಎಂಥವಳು ಎಂದು ಹೇಳುವ ಕಾಗದ ಒಂದೂ ಇಲ್ಲ. ಬಹಳ ಎಂದರೆ ವರ್ಗಾವಣೆ ಪತ್ರದ ಕೊನೆಯಲ್ಲಿ ‘ಗುಣ ನಡತೆ: ಉತ್ತಮ’ ಎಂಬ ಸಾಲು ಇರುತ್ತದೆ. ಅದೇ ಸಾಲು ಅವಳ ಹಿಂದಿನ ಬೆಂಚಿನವನ ಪತ್ರದಲ್ಲೂ ಇದೆ, ಮುಂದಿನ ಬೆಂಚಿನವಳ ಪತ್ರದಲ್ಲೂ ಇದೆ.

ಅಮೆರಿಕದಲ್ಲಿ ವೈದ್ಯಕೀಯ ಓದಲು ಅರ್ಜಿ ಹಾಕುವ ವಿದ್ಯಾರ್ಥಿಗೆ ಅಂಕದಷ್ಟೇ ಚಿಂತೆ ಹಚ್ಚುವ ಸಂಗತಿ ಶಿಫಾರಸು ಪತ್ರ. ಅವನನ್ನು ಬಲ್ಲ ಪ್ರಾಧ್ಯಾಪಕರು, ವೈದ್ಯರು, ಸೇವಾ ಸಂಸ್ಥೆಯವರು ಕಾಲೇಜಿಗೆ ನೇರವಾಗಿ ಪತ್ರ ಕಳಿಸಬೇಕು. ನಮ್ಮಲ್ಲಿ ಎಂಬಿಬಿಎಸ್ ಸೀಟಿಗೆ ಇಂಥ ಪತ್ರ ಕೇಳುವುದಿಲ್ಲ. ಕೇಳದಿರುವುದಕ್ಕೆ ಕಾರಣವಿದೆ. ಆ ಕಾರಣದಲ್ಲಿ ಹಳೆಯ ಮೈಸೂರು ರಾಜ್ಯದ ಪಾಲು ದೊಡ್ಡದು.

1963ರಲ್ಲಿ ಮೈಸೂರು ಸರ್ಕಾರ ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೆ ಅಂಕಗಳ ಜೊತೆಗೆ ಸಂದರ್ಶನವನ್ನೂ ಸೇರಿಸಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟು ಸಂದರ್ಶನಕ್ಕೆ. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟೋಟ, ಸಮಾಜಸೇವೆ, ಚರ್ಚಾಸ್ಪರ್ಧೆ, ನಾಟಕ ಎಲ್ಲವನ್ನೂ ಆಯ್ಕೆ ಸಮಿತಿ ತೂಗಬೇಕಿತ್ತು. ಪರೀಕ್ಷೆಯಲ್ಲಿ ಮುಂದಿದ್ದೂ ಸಂದರ್ಶನದಿಂದ ಸೀಟು ಕಳೆದುಕೊಂಡ ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟು 1964ರ ಜನವರಿ 29ರಂದು ತೀರ್ಪು ಕೊಟ್ಟ ‘ಆರ್. ಚಿತ್ರಲೇಖಾ ವಿರುದ್ಧ ಮೈಸೂರು ರಾಜ್ಯ’ ಪ್ರಕರಣ ಇದೇ. ದುರುಪಯೋಗ ಆಗಬಹುದು ಎಂಬ ಒಂದೇ ಕಾರಣಕ್ಕೆ ಸಂದರ್ಶನದ ಪದ್ಧತಿಯೇ ತಪ್ಪೆನ್ನಲಾಗದು ಎಂದು ಬಹುಮತದ ತೀರ್ಪು ಹೇಳಿತು.

ಆದರೆ ಜನರ ಅನುಮಾನ ಹೋಗಲಿಲ್ಲ. 1980ರಲ್ಲಿ ಶ್ರೀನಗರದ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನ ‘ಅಜಯ್ ಹಸಿಯಾ’ ಪ್ರಕರಣದಲ್ಲಿ, ಎರಡು ಮೂರು ನಿಮಿಷ ಮಾತಾಡಿಸಿ ಒಟ್ಟು ಅಂಕದ ಮೂರನೇ ಒಂದು ಭಾಗವನ್ನು ಹಂಚಿದ್ದು ಅದೇ ಕೋರ್ಟಿನ ಮುಂದೆ ಬಂತು. ಸಂದರ್ಶನದ ಪಾಲು ಶೇ. 15 ಮೀರಕೂಡದು ಎಂಬ ಮಾತು ಆಗ ಹುಟ್ಟಿತು. ಕರ್ನಾಟಕದಲ್ಲಿ ಕ್ಯಾಪಿಟೇಶನ್ ಹಾವಳಿ, ಅದನ್ನು ತಡೆಯುವ 1984ರ ಕಾಯ್ದೆ, ತುಮಕೂರಿನ ಕಾಲೇಜೊಂದರ ಪ್ರವೇಶಕ್ಕೆ ಸಂಬಂಧಿಸಿದ 1992ರ ಮೋಹಿನಿ ಜೈನ್ ತೀರ್ಪು ಇವೆಲ್ಲ ಆದ ಮೇಲೆ 1994ರಲ್ಲಿ ಸಿಇಟಿ ಬಂತು. 2016ರ ನಂತರ ನೀಟ್ ದೇಶಕ್ಕೆಲ್ಲ ಒಂದೇ ಆಯಿತು. 720 ಅಂಕ, ಒಂದು ರ‍್ಯಾಂಕು, ಅಷ್ಟೇ.

ಔರಾದದಂಥ ಊರಿಗೆ ಇದರಿಂದ ಒಳ್ಳೆಯದೇ ಆಯಿತು. ರಾಜ್ಯದ ನಕ್ಷೆಯ ನೆತ್ತಿಯಲ್ಲಿ, ಮಹಾರಾಷ್ಟ್ರ ಮತ್ತು ತೆಲಂಗಾಣದ ಗಡಿಗೆ ಅಂಟಿಕೊಂಡ ತಾಲೂಕಿನ ರೈತನ ಮಗನಿಗೆ ಬೆಂಗಳೂರಿನ ಆಯ್ಕೆ ಸಮಿತಿಯಲ್ಲಿ ಯಾರ ಪರಿಚಯ ಇರುತ್ತಿತ್ತು? ‘ವ್ಯಕ್ತಿತ್ವ’ಕ್ಕೆ ಅಂಕ ಕೊಡುವ ಕೋಣೆಯಲ್ಲಿ ಮರಾಠಿ ಬೆರೆತ ಕನ್ನಡ ಮಾತಾಡುವ ಹುಡುಗ ಬಾಯಿ ಬಿಡುವ ಮುನ್ನವೇ ಹಿಂದೆ ಬೀಳುತ್ತಿದ್ದ. ಅಂಕಪಟ್ಟಿಗೆ ಊರು ಕಾಣುವುದಿಲ್ಲ, ಉಚ್ಚಾರ ಕೇಳುವುದಿಲ್ಲ. ಬೀದರಿನಲ್ಲಿ 1989ರಲ್ಲಿ ಸಣ್ಣದಾಗಿ ಶುರುವಾದ ಶಾಹೀನ್ ಸಂಸ್ಥೆ ಇಂದು ಹೊರರಾಜ್ಯದ ಮಕ್ಕಳನ್ನೂ ನೀಟ್ ತಯಾರಿಗೆ ಸೆಳೆಯುವಂತಾಗಿದ್ದು, ಗಡಿಯಾಚೆ ಲಾತೂರು ಕೋಚಿಂಗಿಗೇ ಹೆಸರಾದದ್ದು ಈ ವ್ಯವಸ್ಥೆಯಿಂದಲೇ. ಕೋಚಿಂಗಿನ ಖರ್ಚು, ಅದರ ಒತ್ತಡ, ಅದರ ಅನ್ಯಾಯ ಬೇರೆ ಮಾತು. ಯಾರ ಕಾಲೂ ಹಿಡಿಯದೆ ಡಾಕ್ಟರಾಗಬಹುದು ಎಂಬ ಧೈರ್ಯವನ್ನು ಮಾತ್ರ ಅಂಕವೇ ಕೊಟ್ಟಿತು.

ದೇಶದೊಳಗೆ ಪತ್ರಕ್ಕೆ ಬೆಲೆ ಉಳಿದ ಒಂದು ಹಳೆಯ ಜಾಗ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು. ಇಡಾ ಸ್ಕಡರ್ 1900ರಲ್ಲಿ ಒಂದು ಹಾಸಿಗೆಯಿಂದ ಶುರುಮಾಡಿ, 1918ರಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಶಾಲೆ ತೆರೆದ ಸಂಸ್ಥೆ ಅದು. ಕ್ರೈಸ್ತ ಸಭೆಗಳ ಪಾಲಿನ ಸೀಟಿಗೆ ಅಭ್ಯರ್ಥಿಯ ಚರ್ಚು ಪ್ರಾಯೋಜಕ ಪತ್ರ ಕೊಡಬೇಕು. ಓದು ಮುಗಿದ ಮೇಲೆ ಅಭ್ಯರ್ಥಿ ಆ ಸಭೆ ಹೇಳಿದ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿಯಬೇಕು. ಪತ್ರ ಕೊಡುವವರಿಗೂ ಅಲ್ಲಿ ಹೊಣೆ ಇದೆ: ಅವರು ಕಳಿಸಿದ ಮಗು ಅವರದೇ ಆಸ್ಪತ್ರೆಗೆ ವಾಪಸಾಗುತ್ತದೆ. ಹಾಗಾಗಿ ಬಾಯಿಗೆ ಬಂದಂತೆ ಹೊಗಳಿ ಕಳಿಸುವಂತಿಲ್ಲ. ನೀಟ್ ಬಂದಾಗ ಕಾಲೇಜು ತನ್ನದೇ ಆಯ್ಕೆಯ ಕ್ರಮವನ್ನು ಬಿಟ್ಟುಕೊಡಲು ಒಪ್ಪದೆ 2017ರಲ್ಲಿ ನೂರು ಸೀಟಿನಲ್ಲಿ ಒಬ್ಬರನ್ನು ಮಾತ್ರ ಸೇರಿಸಿಕೊಂಡಿತು. ಕೊನೆಗೆ 2020ರ ಏಪ್ರಿಲ್ 29ರಂದು ಸುಪ್ರೀಂ ಕೋರ್ಟು ಅಲ್ಪಸಂಖ್ಯಾತ ಸಂಸ್ಥೆಗಳಿಗೂ ನೀಟ್ ಅನ್ವಯ ಎಂದಿತು. ಮೆಥೋಡಿಸ್ಟ್ ಕುಟುಂಬಗಳು ಬಹಳ ಇರುವ ಬೀದರ ಜಿಲ್ಲೆಗೆ ಚರ್ಚಿನ ಪತ್ರ ಎಂಬುದು ಹೊಸ ಮಾತಲ್ಲ.

ಹೀಗೆ ಪತ್ರದ ಗೊಡವೆಯೇ ಇಲ್ಲದೆ ಎಂಬಿಬಿಎಸ್ ಮುಗಿಸಿದವರಿಗೆ ಶಿಫಾರಸು ಪತ್ರ ಎದುರಾಗುವುದು ಆಮೇಲೆ. ಇಂಟರ್ನ್‌ಶಿಪ್ ಮುಗಿಯುವ ಹೊತ್ತಿಗೆ ಒಬ್ಬರು ಅಮೆರಿಕದ ರೆಸಿಡೆನ್ಸಿ ತರಬೇತಿ ಎನ್ನುತ್ತಾರೆ, ಇನ್ನೊಬ್ಬರು ಇಂಗ್ಲೆಂಡ್ ಎನ್ನುತ್ತಾರೆ, ಮತ್ತೊಬ್ಬರು ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಎನ್ನುತ್ತಾರೆ. ಅರ್ಜಿ ತೆರೆದರೆ ಮೂರು ನಾಲ್ಕು ಪತ್ರ ಕೇಳುತ್ತದೆ. ಹುಟ್ಟಿದಾಗಿನಿಂದ ಸಹಿ ಕೂಡಿಸಿ ಅಭ್ಯಾಸವಾದ ಕೈ ಆಗಲೂ ಸಹಿಗೇ ಹೊರಡುತ್ತದೆ. ಎಲ್ಲರಿಗಿಂತ ದೊಡ್ಡ ಹುದ್ದೆಯವರು ಯಾರು? ಡೀನ್, ನಿರ್ದೇಶಕರು, ಕುಲಪತಿ. ಮನೆಯವರಿಗೆ ಪರಿಚಯವಿದ್ದರೆ ಶಾಸಕರ ಲೆಟರ್‌ಹೆಡ್ಡೂ ಆಯಿತು. ಹಾಸ್ಟೆಲ್ ಸೀಟಿಗೆ, ವರ್ಗಾವಣೆಗೆ, ದೊಡ್ಡ ಆಸ್ಪತ್ರೆಯಲ್ಲಿ ಬೆಡ್ಡಿಗೆ ಕೆಲಸ ಮಾಡಿದ ಪತ್ರ ಇಲ್ಲೂ ಮಾಡೀತು ಎಂಬ ಲೆಕ್ಕ.

ಇಲ್ಲಿಯೇ ಲೆಕ್ಕ ತಪ್ಪುವುದು. ಆಯ್ಕೆ ಸಮಿತಿಗೆ ಬೀದರಿನ ಶಾಸಕರೂ ಗೊತ್ತಿಲ್ಲ, ಡೀನ್ ಹುದ್ದೆಯ ಗೌರವವೂ ಅಷ್ಟಾಗಿ ಮುಟ್ಟುವುದಿಲ್ಲ. ಅವರು ಪತ್ರದಲ್ಲಿ ಹುಡುಕುವುದು ಒಂದೇ: ಈ ಮನುಷ್ಯ ರೋಗಿಯ ಮುಂದೆ ನಿಂತಾಗ ಹೇಗಿರುತ್ತಾನೆ, ಅದನ್ನು ಬರೆದವರು ಕಣ್ಣಾರೆ ನೋಡಿದ್ದಾರೆಯೇ?

ಎರಡು ಪತ್ರಗಳನ್ನು ಊಹಿಸಿಕೊಳ್ಳಬಹುದು. ಮೊದಲನೆಯದು ನಿರ್ದೇಶಕರದು. ‘ಇವರು ನಮ್ಮ ಕಾಲೇಜಿನ ವಿದ್ಯಾರ್ಥಿ. ಪರಿಶ್ರಮಿ, ಪ್ರಾಮಾಣಿಕ, ಸಮಯಪಾಲಕ. ಇವರ ಗುಣ ನಡತೆ ಉತ್ತಮ. ಇವರಿಗೆ ಉಜ್ವಲ ಭವಿಷ್ಯವನ್ನು ಹಾರೈಸುತ್ತೇನೆ.’ ಎರಡನೆಯದು ಮೆಡಿಸಿನ್ ವಿಭಾಗದ ಒಬ್ಬ ಸಹಾಯಕ ಪ್ರಾಧ್ಯಾಪಕಿಯದು. ‘ಮಳೆಗಾಲದ ಒಂದು ರಾತ್ರಿ ತೊಗರಿ ಹೊಲದಲ್ಲಿ ಹಾವು ಕಚ್ಚಿದ ಹೆಂಗಸನ್ನು ಕರೆತಂದರು. ಆಕೆಗೆ ಲಂಬಾಣಿ ಬಿಟ್ಟು ಬೇರೆ ಭಾಷೆ ಬಾರದು. ಡ್ಯೂಟಿಯಲ್ಲಿದ್ದ ಈ ಇಂಟರ್ನ್ ಆ ಭಾಷೆ ಬಲ್ಲ ಆಯಾಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಕಚ್ಚಿದ ಹೊತ್ತು, ಕಟ್ಟು ಬಿಗಿದ ಹೊತ್ತು ಎರಡನ್ನೂ ಕೇಳಿ ಬರೆದುಕೊಂಡಳು. ಗಾಜಿನ ನಳಿಗೆಯಲ್ಲಿ ರಕ್ತ ತೆಗೆದು 20 ನಿಮಿಷ ಅಲುಗಿಸದೆ ಇಟ್ಟು, ಹೆಪ್ಪುಗಟ್ಟಿತೋ ಇಲ್ಲವೋ ನೋಡಿದಳು. ಮೊದಲ ಸಲ ಸರಿ ಬಂತೆಂದು ಸುಮ್ಮನಾಗದೆ, ಯಾರೂ ಹೇಳದಿದ್ದರೂ ಮತ್ತೆ ಪರೀಕ್ಷಿಸಿದಳು. ಮೂರನೇ ಸಲ ರಕ್ತ ಹೆಪ್ಪುಗಟ್ಟಲಿಲ್ಲ; ಕೂಡಲೇ ನನಗೆ ಫೋನ್ ಮಾಡಿದಳು.’

ಮೊದಲ ಪತ್ರಕ್ಕೆ ದೊಡ್ಡ ಮುದ್ರೆ ಇದೆ. ಎರಡನೆಯದರಲ್ಲಿ ಒಬ್ಬ ಡಾಕ್ಟರು ಕಾಣುತ್ತಾಳೆ. ಸಮಿತಿಯಲ್ಲಿ ಕೂತವರು ನೂರಾರು ಅರ್ಜಿ ಓದಿ ದಣಿದಿರುತ್ತಾರೆ. ‘ಪರಿಶ್ರಮಿ, ಪ್ರಾಮಾಣಿಕ’ ಎಂಬುದನ್ನು ಅವರು ನೂರು ಸಲ ಓದಿ ಆಗಿದೆ, ಗಾಜಿನ ನಳಿಗೆಯನ್ನು ಓದುವುದು ಇದೇ ಮೊದಲು.

ನಮ್ಮ ಕಾಲೇಜುಗಳಲ್ಲಿ ಎರಡನೇ ಬಗೆಯ ಪತ್ರ ಕಡಿಮೆ. ಪತ್ರ ಕೇಳಲು ಹೋದ ವಿದ್ಯಾರ್ಥಿಗೆ ಬಹಳ ಕಡೆ ಸಿಗುವ ಉತ್ತರ ದೇಶದ ಯಾವ ವೈದ್ಯಕೀಯ ಕಾಲೇಜಿನವರಿಗೂ ಪರಿಚಿತ. “ನೀನೇ ಬರ್ಕೊಂಡು ಬಾ ತಮ್ಮಾ, ನಾ ಸಹಿ ಮಾಡ್ತೀನಿ.” ಸರ್ ಅವರಿಗೆ ಹೊರರೋಗಿ ವಿಭಾಗದಲ್ಲಿ ಸಾಲು, ವಾರ್ಡಿನಲ್ಲಿ ರೌಂಡ್ಸ್, ಮಧ್ಯಾಹ್ನ ಪಾಠ. ಇಂಗ್ಲಿಷಿನಲ್ಲಿ ಎರಡು ಪುಟ ಬರೆಯಲು ಹೊತ್ತಿಲ್ಲ. ಕೆಲವರಿಗೆ ಆ ಬಗೆಯ ಬರಹದ ರೂಢಿಯೂ ಇಲ್ಲ. ವಿದ್ಯಾರ್ಥಿ ಸೀನಿಯರ್ ಹತ್ತಿರದ ಹಳೆಯ ಪತ್ರ ತರಿಸಿಕೊಂಡು ಹೆಸರು ಬದಲಿಸುತ್ತಾನೆ. ಮೂರು ಜನರ ಹೆಸರಿನಲ್ಲಿ ಮೂರು ಪತ್ರ, ಮೂರಕ್ಕೂ ಒಂದೇ ಶೈಲಿ, ಒಂದೇ ಪದಗಳು, ಒಂದೇ ತಪ್ಪು. ಓದುವವರಿಗೆ ಅದು ಗೊತ್ತಾಗದೆ ಇರುತ್ತದೆಯೇ? ಒಬ್ಬರೇ ಬರೆದದ್ದು ಎಂಬ ಶಂಕೆ ಬಂದ ಗಳಿಗೆಯಲ್ಲಿ ಪತ್ರದ ಜೊತೆಗೆ ಅಭ್ಯರ್ಥಿಯ ಮೇಲಿನ ನಂಬಿಕೆಯೂ ಹೋಗುತ್ತದೆ.

ಹಾಗೆಂದು ಗುರುಗಳನ್ನಷ್ಟೇ ದೂರಿದರೆ ಅರ್ಧ ಮಾತು. ಒಬ್ಬ ಪ್ರಾಧ್ಯಾಪಕನಿಗೆ ವರ್ಷಕ್ಕೆ ನೂರಕ್ಕೂ ಹೆಚ್ಚು ಹೊಸ ಮುಖ. ವೈದ್ಯಕೀಯ ಆಯೋಗದ 2021ರ ನಿಯಮದಂತೆ ಇಂಟರ್ನ್‌ಶಿಪ್ 12 ತಿಂಗಳು. ಅದರಲ್ಲಿ ಮೆಡಿಸಿನ್ ವಿಭಾಗಕ್ಕೆ ಸಿಗುವುದು 6 ವಾರ, ಸರ್ಜರಿಗೆ 6 ವಾರ, ಮಕ್ಕಳ ವಿಭಾಗಕ್ಕೆ 3 ವಾರ. ಮೂರು ವಾರದಲ್ಲಿ ಯೂನಿಟ್ ಮುಖ್ಯಸ್ಥರಿಗೆ ಇಂಟರ್ನಿನ ಹೆಸರು ನೆನಪಿರುವುದೇ ದೊಡ್ಡದು.

ಇಂಗ್ಲೆಂಡಿನವರು ಈ ಸಮಸ್ಯೆಯನ್ನು ನಿಯಮದಿಂದಲೇ ಹಿಡಿದಿದ್ದಾರೆ. ತಜ್ಞ ತರಬೇತಿಗೆ ಹೋಗುವ ಹೊರದೇಶದ ವೈದ್ಯರು ‘ಕ್ರೆಸ್ಟ್’ ಎಂಬ ಫಾರಂ ತರಬೇಕು. ಸಹಿ ಮಾಡುವ ತಜ್ಞರು, ಹುದ್ದೆ ಆರಂಭವಾಗುವ ದಿನದ ಹಿಂದಿನ ಮೂರೂವರೆ ವರ್ಷದೊಳಗೆ, ಆ ವೈದ್ಯನ ಜೊತೆ ಕನಿಷ್ಠ ಮೂರು ತಿಂಗಳು ಎಡೆಬಿಡದೆ ಕೆಲಸ ಮಾಡಿರಬೇಕು. ಇಡೀ ಫಾರಂನಲ್ಲಿ ಹೊಗಳಿಕೆಗೆ ಜಾಗವಿಲ್ಲ. ರೋಗಿಯ ಸಮ್ಮತಿ ಪಡೆಯುವುದು, ತುರ್ತು ರೋಗಿಯನ್ನು ಗುರುತಿಸುವುದು ಹೀಗೆ ಒಂದೊಂದು ಕೌಶಲದ ಮುಂದೆಯೂ ಗುರುತು ಹಾಕಬೇಕು. ಆರು ವಾರದ ಪೋಸ್ಟಿಂಗಿನ ಯೂನಿಟ್ ಮುಖ್ಯಸ್ಥರು, ಎಷ್ಟೇ ಪ್ರಸಿದ್ಧರಾದರೂ, ಆ ಮೂರು ತಿಂಗಳ ಗೆರೆ ದಾಟಲಾರರು.

ಅಮೆರಿಕದಲ್ಲೂ ಹೊಗಳಿಕೆಯ ಹೊಳೆ ಹರಿದು ಪತ್ರಗಳು ಸಪ್ಪೆಯಾದದ್ದುಂಟು. ಎಲ್ಲ ಅಭ್ಯರ್ಥಿಗಳೂ ‘ಅತ್ಯುತ್ತಮ’ ಆದಾಗ ತುರ್ತು ಚಿಕಿತ್ಸಾ ವಿಭಾಗದವರು 1990ರ ದಶಕದಲ್ಲಿ ಪ್ರಮಾಣೀಕೃತ ಪತ್ರವನ್ನು ರೂಪಿಸಿದರು. ಬರೆಯುವವರು ಈ ಅಭ್ಯರ್ಥಿಯನ್ನು ಎಷ್ಟು ದಿನದಿಂದ ಬಲ್ಲರು, ತಾವು ನೋಡಿದ ಉಳಿದವರ ನಡುವೆ ಎಲ್ಲಿ ನಿಲ್ಲಿಸುತ್ತಾರೆ ಎಂಬುದನ್ನು ಅದರಲ್ಲಿ ಮನೆ ಮನೆಯಾಗಿ ತುಂಬಬೇಕು. ಉಳಿದ ಹಲವು ವಿಭಾಗಗಳ ರೆಸಿಡೆನ್ಸಿಗೆ ಇಂದಿಗೂ ಸಾಮಾನ್ಯ ಪತ್ರ ನಡೆಯುತ್ತದೆ. ಒಂದು ಕಾರ್ಯಕ್ರಮಕ್ಕೆ ಹೆಚ್ಚೆಂದರೆ ನಾಲ್ಕು ಪತ್ರ. ಅಭ್ಯರ್ಥಿ ಅದನ್ನು ತಾನೇ ಕಳಿಸುವಂತಿಲ್ಲ. ಬರೆದವರೇ ಜಾಲತಾಣಕ್ಕೆ ನೇರವಾಗಿ ಏರಿಸಬೇಕು. ಪತ್ರವನ್ನು ನೋಡುವ ಹಕ್ಕು ಬಿಟ್ಟಿದ್ದೇನೆ ಎಂದು ಅಭ್ಯರ್ಥಿ ಗುರುತು ಹಾಕುವ ರೂಢಿಯಿದೆ. ಹಕ್ಕು ಬಿಡದಿದ್ದರೆ, ಬರೆದವರು ದಾಕ್ಷಿಣ್ಯಕ್ಕೆ ಬರೆದಿರಬಹುದೆಂದು ಓದುವವರು ಅಳೆಯುತ್ತಾರೆ. ಸಹಿ ಹಾಕಿಸಿಕೊಂಡ ಕಾಗದವನ್ನು ಫೈಲಿನಲ್ಲಿ ಭದ್ರವಾಗಿಟ್ಟುಕೊಳ್ಳುವ ನಮ್ಮ ಪದ್ಧತಿಗೆ ಇದು ಪೂರ್ತಿ ಉಲ್ಟಾ.

ದೊಡ್ಡ ಹೆಸರಿಗಿಂತ ಬಲ್ಲವರ ಮಾತು ಕೆಲಸ ಮಾಡಿದ ಹಳೆಯ ಕಥೆಯೊಂದು ಗಡಿಯಾಚೆಗೇ ಇದೆ. ಆನಂದಿಬಾಯಿ ಜೋಶಿ ಅವರ ಹೆಸರು ಮರಾಠಿ ಬಲ್ಲ ಔರಾದದವರಿಗೆ ಚೆನ್ನಾಗಿ ಗೊತ್ತು. ಅವರ ಗಂಡ ಗೋಪಾಲರಾವ್, ಹೆಂಡತಿಯ ಓದಿಗೆ ನೆರವು ಕೇಳಿ ರಾಯಲ್ ವೈಲ್ಡರ್ ಎಂಬ ಹೆಸರಾಂತ ಮಿಷನರಿಗೆ ಬರೆದರು. ವೈಲ್ಡರ್ ಮತಾಂತರದ ಮಾತೆತ್ತಿದರು, ಬೇರೆ ನೆರವು ಬರಲಿಲ್ಲ. ಆ ಪತ್ರ ವೈಲ್ಡರ್ ಅವರ ಪತ್ರಿಕೆಯಲ್ಲಿ ಅಚ್ಚಾದದ್ದನ್ನು ನ್ಯೂಜೆರ್ಸಿಯ ಥಿಯೋಡಿಷಿಯಾ ಕಾರ್ಪೆಂಟರ್ ಎಂಬ ಗೃಹಿಣಿ ಓದಿದರು. ಹುದ್ದೆ, ಅಧಿಕಾರ ಯಾವುದೂ ಇಲ್ಲದ ಆಕೆ ಆನಂದಿಬಾಯಿಯ ಜೊತೆ ವರ್ಷಗಟ್ಟಲೆ ಪತ್ರ ಬರೆದುಕೊಂಡರು, ಅವರ ಓದು, ಆರೋಗ್ಯ, ಹಟ ಎಲ್ಲವನ್ನೂ ತಿಳಿದುಕೊಂಡರು. 1883ರಲ್ಲಿ ಆನಂದಿಬಾಯಿ ಅಮೆರಿಕಕ್ಕೆ ಬಂದಿಳಿದಾಗ ಮನೆಯವರಾಗಿ ನಿಂತವರು ಆಕೆಯೇ. ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ 1886ರಲ್ಲಿ ಆನಂದಿಬಾಯಿ ಎಂ.ಡಿ. ಪಡೆದರು.

ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಪತ್ರದ ಪದ್ಧತಿ ಗೊತ್ತು. ಕಾಲೇಜಿನಲ್ಲಿ ಅದಕ್ಕೆಂದೇ ಸಲಹೆಗಾರರಿದ್ದಾರೆ, ಕೆಲವು ಕಡೆ ಸಮಿತಿಯೇ ಕೂತು ಒಟ್ಟು ಪತ್ರ ಬರೆಯುತ್ತದೆ. ಅರ್ಜಿಯ ಕೇಂದ್ರ ವ್ಯವಸ್ಥೆಯಲ್ಲಿ ಹತ್ತು ಪತ್ರದವರೆಗೆ ಅವಕಾಶವಿದ್ದರೂ, ಬಹಳಷ್ಟು ಕಾಲೇಜುಗಳು ಬಯಸುವುದು ವಿಜ್ಞಾನ ಕಲಿಸಿದ ಇಬ್ಬರು, ಬೇರೆ ವಿಷಯದ ಒಬ್ಬರು, ಜೊತೆಗೆ ಕೆಲಸ ನೋಡಿದ ವೈದ್ಯರೋ ಸೇವಾ ಸಂಸ್ಥೆಯವರೋ. ತೊಡಕಾಗುವುದು ಅಕ್ಕರೆಯಿಂದ. ಸಮುದಾಯದಲ್ಲಿ ಡಾಕ್ಟರುಗಳಿಗೆ ಬರವಿಲ್ಲ. ‘ನಮ್ಮ ಹೃದ್ರೋಗ ತಜ್ಞ ಅಂಕಲ್ ಬರೆದುಕೊಡ್ತಾರೆ’ ಎಂದು ಅಪ್ಪ ಅಮ್ಮ ಮುಂದಾಗುತ್ತಾರೆ. ಅಂಕಲ್ ಹುಡುಗಿಯನ್ನು ತೊಟ್ಟಿಲಿನಿಂದ ನೋಡಿದ್ದಾರೆ, ನಿಜ. ಅವರು ಬರೆಯುವುದೂ ಯುಗಾದಿ ಕಾರ್ಯಕ್ರಮದ ಭರತನಾಟ್ಯವನ್ನೇ. ನಾಲ್ಕು ದಿನ ಅವರ ಹಿಂದೆ ಕ್ಲಿನಿಕ್ಕಿನಲ್ಲಿ ನಿಂತದ್ದನ್ನು ಅನುಭವ ಎಂದು ಹೇಳಿದರೆ ಓದುವವರು ಮೆಚ್ಚುವುದಿಲ್ಲ. ಆಹಾರ ವಿತರಣೆಯ ಕೇಂದ್ರದಲ್ಲಿ ಎರಡು ವರ್ಷ ಅವಳ ಜೊತೆ ದುಡಿದ ಮೇಲ್ವಿಚಾರಕಿ, ಡಾಕ್ಟರಲ್ಲದಿದ್ದರೂ, ಈ ಅಂಕಲ್‌ಗಿಂತ ಚೆನ್ನಾಗಿ ಬರೆಯಬಲ್ಲಳು.

ರಜೆಗೆ ಊರಿಗೆ ಬಂದು ಸಂಬಂಧಿಕರ ಆಸ್ಪತ್ರೆಯಲ್ಲಿ ಒಂದು ತಿಂಗಳು ‘ಅನುಭವ’ ಪಡೆಯುವ ಮಕ್ಕಳೂ ಇದ್ದಾರೆ. ಇಲ್ಲಿ ಎಚ್ಚರ ಬೇಕು. ಅಮೆರಿಕದ ವೈದ್ಯಕೀಯ ಕಾಲೇಜುಗಳ ಒಕ್ಕೂಟ 2011ರಲ್ಲೇ ಈ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ: ತರಬೇತಿ ಇಲ್ಲದ ವಿದ್ಯಾರ್ಥಿಗಳು ಹೊರದೇಶದಲ್ಲಿ ರೋಗಿಗಳ ಮೇಲೆ ಚಿಕಿತ್ಸೆಯ ಕೈ ಹಾಕಬಾರದು. ಪ್ರೀತಿಯಿಂದ ‘ಈ ಮಗು ನಮ್ಮಲ್ಲಿ ಗಾಯಕ್ಕೆ ಹೊಲಿಗೆ ಹಾಕಿತು’ ಎಂದು ಡಾಕ್ಟರ್ ಮಾವ ಬರೆದ ಸಾಲು ಅರ್ಜಿಯನ್ನೇ ಕೆಡಿಸಬಹುದು. ರೋಗಿಯ ಬಡತನ ಯಾರ ಅಭ್ಯಾಸಕ್ಕೂ ಸಾಮಗ್ರಿಯಲ್ಲ ಎಂಬ ಆ ಒಕ್ಕೂಟದ ನಿಲುವು ಬೀದರಿನ ರೋಗಿಗೆ ಕೊಟ್ಟ ಮರ್ಯಾದೆ ಕೂಡ.

ಹಾಗಾದರೆ ಔರಾದದಿಂದ ಬಂದ ವಿದ್ಯಾರ್ಥಿ ಯಾರನ್ನು ಕೇಳಬೇಕು? ಮೊದಲು, ನೋಡುವವರ ಕಣ್ಣಿಗೆ ಬೀಳಬೇಕು. ಅದು ಕೊನೆಯ ವರ್ಷದಲ್ಲಿ ಆಗುವ ಕೆಲಸವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1979ರಲ್ಲಿ ಶುರುಮಾಡಿದ ಅಲ್ಪಾವಧಿ ವಿದ್ಯಾರ್ಥಿ ಸಂಶೋಧನಾ ಯೋಜನೆ ಇದಕ್ಕೆ ಒಳ್ಳೆಯ ದಾರಿ. ಎಂಬಿಬಿಎಸ್ ವಿದ್ಯಾರ್ಥಿ ತನ್ನ ಕಾಲೇಜಿನ ಒಬ್ಬ ಅಧ್ಯಾಪಕರ ಮಾರ್ಗದರ್ಶನದಲ್ಲಿ ಎರಡು ತಿಂಗಳ ಅಧ್ಯಯನ ಮಾಡಬೇಕು. ವಿಷಯಕ್ಕೆ ದೂರ ಹೋಗಬೇಕಾಗಿಲ್ಲ: ಹಾವು ಕಡಿತ, ಗರ್ಭಿಣಿಯರ ರಕ್ತಹೀನತೆ, ಕೂಲಿಗೆ ಹೈದರಾಬಾದಿಗೆ ಹೋಗುವ ಕುಟುಂಬಗಳ ಮಕ್ಕಳ ಲಸಿಕೆ, ಎಲ್ಲವೂ ಬೀದರ ಜಿಲ್ಲೆಯಲ್ಲಿಯೇ ಇವೆ. ಪ್ರಶ್ನಾವಳಿ ಹಿಡಿದು ಹಳ್ಳಿ ಹಳ್ಳಿ ತಿರುಗಿದ ಶಿಷ್ಯನನ್ನು ಗುರು ಮರೆಯುವುದಿಲ್ಲ. ಬರೆಯಲು ಅವರ ಹತ್ತಿರ ಸಂಗತಿಗಳಿರುತ್ತವೆ.

ಸಮುದಾಯ ವೈದ್ಯಶಾಸ್ತ್ರ ವಿಭಾಗವನ್ನು ವಿದ್ಯಾರ್ಥಿಗಳು ಹಗುರವಾಗಿ ಕಾಣುವುದುಂಟು. ಇಂಟರ್ನ್‌ಶಿಪ್ಪಿನ ಅತಿ ಉದ್ದದ ಪೋಸ್ಟಿಂಗ್ ಅದೇ, 12 ವಾರ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಬೆಳಗಿನಿಂದ ಸಂಜೆವರೆಗೆ ಎದುರಿಗೇ ಇರುತ್ತಾರೆ. ರಾಜ್ಯದ 2012ರ ಕಡ್ಡಾಯ ಸೇವೆಯ ಕಾಯ್ದೆಯಡಿ ಒಂದು ವರ್ಷ ಸರ್ಕಾರಿ ಆಸ್ಪತ್ರೆಗೆ ಹೋದವರಿಗೂ ಅಷ್ಟೇ. ತಾಲೂಕು ಆಸ್ಪತ್ರೆಯ ಹೆರಿಗೆ ತಜ್ಞರೋ ಮಕ್ಕಳ ತಜ್ಞರೋ ವರ್ಷವಿಡೀ ಒಂದೇ ವಾರ್ಡಿನಲ್ಲಿ ಜೊತೆಗಿರುತ್ತಾರೆ. ರಾತ್ರಿ ಎರಡು ಗಂಟೆಗೆ ಯಾರು ಎದ್ದು ಬಂದರು, ಯಾರು ಬರಲಿಲ್ಲ ಎಂಬುದು ಅವರಿಗೆ ಗೊತ್ತು. ಅಮೆರಿಕದ ರೆಸಿಡೆನ್ಸಿಗೆ ಅಲ್ಲಿಯ ಆಸ್ಪತ್ರೆಯಲ್ಲಿ ಕೆಲಸ ನೋಡಿದವರ ಪತ್ರಕ್ಕೆ ಹೆಚ್ಚು ತೂಕ, ಅದು ದಿಟ. ಆದರೂ ನಾಲ್ಕರಲ್ಲಿ ಒಂದು ಪತ್ರ ಇಂಥವರಿಂದ ಬಂದರೆ, ಉಳಿದ ಮೂರು ಹೇಳಲಾರದ ಮಾತನ್ನು ಅದು ಹೇಳುತ್ತದೆ.

ಕೇಳುವ ಬಗೆಯಲ್ಲೂ ಹೆಚ್ಚುಕಮ್ಮಿ ಇದೆ. ವಾಟ್ಸ್ಆ್ಯಪ್‌ನಲ್ಲಿ ‘ಸರ್, ಎಲ್ಒಆರ್ (ಶಿಫಾರಸು ಪತ್ರ) ಬೇಕಿತ್ತು’ ಎಂದು ಕಳಿಸುವುದು ಬೇಡ. ಕೊನೆಯ ದಿನಕ್ಕೆ ಎರಡು ತಿಂಗಳಾದರೂ ಮುಂಚೆ ಎದುರಿಗೆ ಹೋಗಿ ಕೂತು ಕೇಳಬೇಕು. “ಸರ್, ನನ್ನ ಕೆಲಸ ನೀವು ನೋಡೀರಿ. ಅದರ ಬಗ್ಗೆ ಒಳ್ಳೇದಾಗಿ ಬರಿಲಿಕ್ಕೆ ಆಗ್ತದಂತ ನಿಮಗ ಅನಸ್ತದೇನ್ರಿ?” ಎಂದು ಕೇಳಿದರೆ ಅವರಿಗೂ ಇಲ್ಲವೆನ್ನಲು ದಾರಿ ಇರುತ್ತದೆ. ಅರೆಮನಸ್ಸಿನ ಪತ್ರಕ್ಕಿಂತ ಆ ‘ಇಲ್ಲ’ ಎಷ್ಟೋ ಮೇಲು. ಒಪ್ಪಿದರೆ ಅವರ ಕೈಗೆ ಒಂದು ಹಾಳೆ ಕೊಡಬೇಕು: ಅವರ ಯೂನಿಟ್ಟಿನಲ್ಲಿ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಇದ್ದದ್ದು, ಯಾವ ಕೇಸು ಹೇಳಿದ್ದು, ಯಾವ ರಾತ್ರಿ ಯಾವ ರೋಗಿ, ಎಲ್ಲಿ ಬೈಸಿಕೊಂಡು ಆಮೇಲೆ ತಿದ್ದಿಕೊಂಡದ್ದು. ರೋಗಿಯ ಹೆಸರು ಬೇಡ. ಇದು ಪತ್ರ ಬರೆದುಕೊಟ್ಟಂತೆ ಆಗುವುದಿಲ್ಲ. ನೆನಪನ್ನು ಮಾತ್ರ ವಿದ್ಯಾರ್ಥಿ ಒದಗಿಸುತ್ತಾನೆ, ಮಾತು ಗುರುಗಳದ್ದೇ ಆಗುತ್ತದೆ. ‘ನೀನೇ ಬರ್ಕೊಂಡು ಬಾ’ ಎನ್ನುವವರ ಮುಂದೆಯೂ ಇದೇ ಹಾಳೆಯನ್ನು ಇಟ್ಟು, ನೀವು ಹೇಳಿ ಸರ್, ಟೈಪು ಮಾಡುವವರಿಗೆ ನಾನು ಹಣ ಕೊಡುತ್ತೇನೆ ಎನ್ನಬಹುದು. ಕನ್ನಡದಲ್ಲೋ ಉರ್ದುವಿನಲ್ಲೋ ಅವರು ನಾಲ್ಕು ನಿಮಿಷ ಮಾತಾಡಿದರೆ ಸಾಕು, ಅದರಲ್ಲಿ ಅಚ್ಚಿನ ಇಂಗ್ಲಿಷಿಗಿಂತ ಹೆಚ್ಚು ಸಂಗತಿ ಇರುತ್ತದೆ. ಅದನ್ನು ಇಂಗ್ಲಿಷಿಗೆ ತಂದು ಅವರೇ ಓದಿ ಒಪ್ಪಿ, ಅವರೇ ಏರಿಸಬೇಕು.

ಸಣ್ಣ ಸಂಗತಿಗಳೂ ಕಾಡುತ್ತವೆ. ಜಾಲತಾಣದ ಕೊಂಡಿ ಗುರುಗಳ ಇಮೇಲಿಗೆ ಬರುತ್ತದೆ. ಕೆಲವರು ಆ ಪೆಟ್ಟಿಗೆಯನ್ನು ತಿಂಗಳುಗಟ್ಟಲೆ ತೆರೆದಿರುವುದಿಲ್ಲ. ಕಾಲೇಜಿನ ಇಮೇಲ್ ಇದ್ದರೆ ಖಾಸಗಿ ಜಿಮೇಲಿಗಿಂತ ನಂಬಿಕೆ ಹೆಚ್ಚು. ಸರ್ಕಾರಿ ಸೇವೆಯಲ್ಲಿ ವರ್ಗಾವಣೆ ಸಾಮಾನ್ಯ, ಬೀದರಿನಲ್ಲಿದ್ದವರು ಬರುವ ವರ್ಷ ಕಾರವಾರದಲ್ಲಿರಬಹುದು. ಹಾಗಾಗಿ ಪೋಸ್ಟಿಂಗ್ ಮುಗಿದ ವಾರದಲ್ಲೇ, ಮುಂದೊಂದು ದಿನ ಕೇಳಬಹುದೇ ಎಂದು ವಿಚಾರಿಸಿ, ಫೋನ್ ನಂಬರು ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ಅಮೆರಿಕದ ರೆಸಿಡೆನ್ಸಿ ಅರ್ಜಿಗಳನ್ನು ಆಸ್ಪತ್ರೆಗಳು ತೆರೆದು ನೋಡಲು ಶುರುಮಾಡುವುದು ಸೆಪ್ಟೆಂಬರ್ ಕೊನೆಯಲ್ಲಿ. ಗುರುಗಳನ್ನು ಕೇಳುವ ಕೆಲಸ ಜೂನ್ ಜುಲೈ ತಿಂಗಳಲ್ಲೇ ಆಗಬೇಕು. ಅದೇ ಹೊತ್ತಿಗೆ, ಔರಾದದ ನಾಡಕಚೇರಿಯಲ್ಲಿ, ಈಗಷ್ಟೇ ನೀಟ್ ಬರೆದವರು ಆರ್.ಡಿ. ಸಂಖ್ಯೆಗೆ ಪಾಳಿ ಹಚ್ಚಿರುತ್ತಾರೆ.